ಭೋಂಗಾಕ್ಕಿಂತ ಮೊದಲು ಇಟ್ಟ ತತ್ತಿ

ನಮ್ಮ ಶಹಾಬಾದದ ಕ್ರೈಸ್ತ ಸಭೆಯಲ್ಲಿ ಆಗ ಒಂದು ಪದ್ಧತಿ ಇತ್ತು. ಆಯ್ತಾರದ ದಿನ ಯಾರ ಮನಿ ಕೋಳಿ ತತ್ತಿ ಇಟ್ಟರೂ ಆ ತತ್ತಿ ದೇವರದು. ಉಳಿದ ಆರು ದಿನದ್ದು ನಮ್ಮದು. ನಾವೆಲ್ಲ ಫರಸಿ ಕಲ್ಲಿನ ಖಣಿಯಲ್ಲಿ ದುಡಿಯುವ ಮಂದಿ. ಕಾಣಿಕೆ ತಟ್ಟೆಗೆ ಹಾಕಲು ಕೈಯಲ್ಲಿ ಭಾಳ ಏನೂ ಇರುತ್ತಿರಲಿಲ್ಲ, ಕೋಳಿ ಮಾತ್ರ ಎಲ್ಲರ ಅಂಗಳದಲ್ಲೂ ಇದ್ದವು. ಅದಕ್ಕೇ ಯಾರೋ ಹಿರಿಯರು ಇದನ್ನು ಹಾಕಿಕೊಟ್ಟು ಹೋಗಿದ್ದರು. ಆರಾಧನೆಗೆ ಹೋಗುವಾಗ ಹೆಣ್ಣುಮಕ್ಕಳೆಲ್ಲ ಸೆರಗಿನ ತುದಿಯಲ್ಲಿ ತತ್ತಿ ಕಟ್ಟಿಕೊಂಡು, ಎಲ್ಲಿ ಒಡೆದೀತೋ ಅಂತ ತಲೆ ತಗ್ಗಿಸಿ ಮೆಲ್ಲಗೆ ಹೆಜ್ಜೆ ಇಡುತ್ತಿದ್ದೆವು. ಹೊಸಬರು ನೋಡಿದರೆ ಈ ಹೆಂಗಸರಿಗೆ ಎಷ್ಟು ಭಕ್ತಿ ಅನ್ನಬೇಕು, ಹಾಗೆ. ಭಕ್ತಿ ಎಷ್ಟಿತ್ತೋ ಕಾಣೆ, ಒಡೆದರೆ ಸೀರೆ ನಾವೇ ತೊಳೆಯಬೇಕಲ್ಲ.

ತತ್ತಿಗಳನ್ನು ಮೇಜಿನ ಮೇಲಿನ ಬುಟ್ಟಿಯಲ್ಲಿ ಇಡುತ್ತಿದ್ದೆವು. ಪಾದ್ರಿ ಸಾಹೇಬರ ಹೆಂಡತಿಗೆ ನಾವು ಪಾದ್ರಮ್ಮ ಅನ್ನುತ್ತಿದ್ದೆವು. ಯಾರ ಮನಿಯಲ್ಲಿ ಜಡ್ಡು, ಯಾರಿಗೆ ನಿತ್ರಾಣ ಅಂತ ವಿಚಾರಿಸಿ, ಆ ವಾರದ ಬುಟ್ಟಿಯನ್ನು ಅವರು ಆ ಮನಿಗೆ ಮುಟ್ಟಿಸುತ್ತಿದ್ದರು. ನಮ್ಮ ಮನಿಗೆ ಆ ಬುಟ್ಟಿ ಒಮ್ಮೆಯೂ ಬಂದಿರಲಿಲ್ಲ. ನಮ್ಮದು ಕೊಡುವ ಮನಿ, ತೆಗೆದುಕೊಳ್ಳುವ ಮನಿ ಅಲ್ಲ ಅಂತ ನನಗೆ ಒಳಗೊಳಗೇ ಭಾಳ ಸೊಕ್ಕಿತ್ತು. ಈಗ ಬರೆಯುವಾಗ ಸೊಕ್ಕು ಅನ್ನುತ್ತೇನೆ. ಆಗ ಅದಕ್ಕೆ ಮರ್ಯಾದೆ ಅಂತ ಹೆಸರಿಟ್ಟಿದ್ದೆ.

ನಿಜಾಮರ ಆಳಿಕೆ ಮುಗಿದು, ನಾವೆಲ್ಲ ಮೊದಲ ಸಲ ಓಟು ಹಾಕಿ ಬೆರಳಿಗೆ ಮಸಿ ಹಚ್ಚಿಸಿಕೊಂಡು ಬಂದ ಮರುವರ್ಷ ಕೋಳಿಗಳಿಗೆ ಬ್ಯಾನಿ ಬಂತು. ಎಂಟು ದಿನದಲ್ಲಿ ಓಣಿ ಓಣಿಯೇ ಖಾಲಿ. ನಮ್ಮ ಮನಿಯ ಒಂಬತ್ತು ಕೋಳಿಯಲ್ಲಿ ಉಳಿದದ್ದು ಒಂದೇ. ಅದೂ ಎಂಥಾದ್ದು ಅಂದರೆ, ಕುತ್ತಿಗೆಯಲ್ಲಿ ಒಂದು ಪುಚ್ಚ ಇಲ್ಲದ, ಸಿಟ್ಟಿನ ಮೋತಿಯ ಬೋಳುಗುತ್ತಿಗೆ ಕೋಳಿ. ಚಲೋ ಚಲೋ ಕೋಳಿಗಳನ್ನೆಲ್ಲ ಕರೆದುಕೊಂಡು ದೇವರು ಇದನ್ನು ಯಾಕೆ ಬಿಟ್ಟ ಅಂತ ನಾನು ಬೈದದ್ದೂ ಉಂಟು.

ಅದೇ ತಿಂಗಳು ನನ್ನ ಮಗಳು ವಾಡಿಯಿಂದ ಬಾಣಂತನಕ್ಕೆ ಬಂದಳು. ಅಳಿಯ ಅಲ್ಲಿ ರೈಲ್ವೆಯಲ್ಲಿದ್ದ. ಹಿಂದಿನ ವರ್ಷ ಅವಳ ಮೊದಲನೆಯದು ಆರು ತಿಂಗಳಿಗೇ ಹೊಟ್ಟೆಯಲ್ಲೇ ಹೋಗಿತ್ತು. ಈ ಸಲ ಎಂಟನೆಯ ತಿಂಗಳು ನಡೆದಿತ್ತು. ಪ್ಯಾಸೆಂಜರ್ ಗಾಡಿಯಿಂದ ಇಳಿದು ನನ್ನ ಹೆಗಲು ಹಿಡಿದುಕೊಂಡು ನಿಂತಾಗ ಮುಖ ಸುಣ್ಣ ಬಳಿದ ಗೋಡೆಯ ಹಾಗಿತ್ತು. ಮಿಶನ್ ದವಾಖಾನಿಯ ನರ್ಸಬಾಯಿ ಬಂದು, ಅವಳ ಕಣ್ಣಿನ ಕೆಳಗಿನ ರೆಪ್ಪೆ ಎಳೆದು ನೋಡಿ, ನನ್ನನ್ನು ಹೊರಗೆ ಕರೆದಳು.

"ಮೈಯಾಗ ರಕ್ತ ಇಲ್ಲವ್ವಾ. ದಿನಾ ಒಂದು ತತ್ತಿ ಕೊಡು, ಪಾಲಕ ಕೊಡು. ಹಿಂಗೇ ಇದ್ರ ಹೆರಿಗ್ಯಾಗ ತಡ್ಕೊಳ್ಳೋದು ಕಠಿಣ ಅದ."

ಪಾಲಕ್ ಸೊಪ್ಪಿಗೆ ಬರ ಇರಲಿಲ್ಲ. ತತ್ತಿಗೆ ಇತ್ತು. ಬ್ಯಾನಿ ಬಂದ ಊರಲ್ಲಿ ಸಂತೆಗೆ ತತ್ತಿ ಎಲ್ಲಿಂದ ಬರಬೇಕು? ನಮ್ಮ ಬೋಳುಗುತ್ತಿಗೆ ವಾರಕ್ಕೆ ಎರಡು ಇಡುತ್ತಿತ್ತು. ಒಂದು ಬುಧವಾರವೋ ಬೇಸ್ತವಾರವೋ, ಅದರ ಮನಸ್ಸು ಬಂದಂತೆ. ಇನ್ನೊಂದು ಆಯ್ತಾರ, ತಪ್ಪದೆ. ನಾನು ಆರಾಧನೆ ತಪ್ಪಿಸಿದ್ದುಂಟು, ಅದು ತಪ್ಪಿಸಲಿಲ್ಲ.

ನಾನು ಪ್ರಾರ್ಥನೆ ಮಾಡುತ್ತಿರಲಿಲ್ಲ ಅಂತಲ್ಲ. ಮುಂಜಾನೆ ಒಲೆ ಹೊತ್ತಿಸುವ ಮೊದಲು ಮೊಣಕಾಲೂರುತ್ತಿದ್ದೆ. ಆದರೆ ನನ್ನ ಪ್ರಾರ್ಥನೆ ಅಂದರೆ ಸಂತೆಗೆ ಹೋಗುವವರ ಕೈಗೆ ಚೀಟಿ ಕೊಟ್ಟ ಹಾಗೆ. ಇಷ್ಟು ತಾ, ಇಂಥಾದ್ದೇ ತಾ, ಅಲ್ಲಿಂದಲೇ ತಾ. "ಕರ್ತನೇ, ಈ ಕೋಳಿಗೆ ಸ್ವಾಮವಾರ ಇಡೋ ಬುದ್ಧಿ ಕೊಡು, ಮಂಗಳವಾರ ಆದರೂ ನಡೀತದ" ಅಂತ ಬೇಡಿಕೊಂಡು, ಆಮೆನ್ ಅಂದವಳೇ ಹಿತ್ತಲಿಗೆ ಹೋಗಿ ಬುಟ್ಟಿಯ ಕೆಳಗೆ ಕೈ ಹಾಕುತ್ತಿದ್ದೆ. ಕೋಳಿ ನನ್ನ ಕೈ ಕುಕ್ಕುತ್ತಿತ್ತು. ಕಾಳು ಹಾಕಿ, ನುಚ್ಚು ಹಾಕಿ, ಅದರ ಮುಂದೆ ಕೂತು ಪುಸಲಾಯಿಸುತ್ತಿದ್ದೆ.

ನಮ್ಮ ಮನಿಯವರು ಇದನ್ನೆಲ್ಲ ನೋಡಿ ನೋಡಿ ಒಂದು ದಿನ ಅಂದರು, "ನೀ ಆ ಕೋಳಿ ಮುಂದ ಕುಂತಷ್ಟು ದೇವರ ಮುಂದ ಕುಂತಿಲ್ಲ ನೋಡು."

"ದೇವರು ತತ್ತಿ ಇಡಂಗಿಲ್ರೀ" ಅಂದೆ. ಅಂದ ಮೇಲೆ ನಾಲಗೆ ಕಚ್ಚಿಕೊಂಡೆ.

ಮೊದಲ ಆಯ್ತಾರ ಗೊಣಗುತ್ತ ಗೊಣಗುತ್ತ ತತ್ತಿ ಒಯ್ದು ಬುಟ್ಟಿಯಲ್ಲಿಟ್ಟೆ. ಆ ವಾರದ ಬುಟ್ಟಿ ಕೆಮ್ಮಿನ ಮುದುಕನೊಬ್ಬನ ಮನಿಗೆ ಹೋಯಿತು. ದಾರಿಯಲ್ಲಿ ಅವನ ಮನಿ ಮುಂದೆ ಹಾಯುವಾಗ ಅವನು ಕೆಮ್ಮಿದ. ನನ್ನ ತತ್ತಿ ತಿಂದೂ ಕೆಮ್ಮುತ್ತಾನಲ್ಲ ಅಂತ ಸಿಟ್ಟು ಬಂತು. ಹೇಳಲು ನಾಚಿಕೆ, ಆದರೆ ಖರೇ.

ಎರಡನೆಯ ಆಯ್ತಾರ ಇನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ, ಹಿತ್ತಲಲ್ಲಿ ಕೋಳಿ ಕೊಕ್ಕೊಕ್ಕೋ ಅಂತ ಕೂಗಿ ಓಣಿಗೆಲ್ಲ ಡಂಗುರ ಹೊಡೆಯಿತು. ಹೋಗಿ ನೋಡಿದರೆ ಬಿಸಿ ಬಿಸಿ ತತ್ತಿ. ಅದನ್ನು ಅಂಗೈಯಲ್ಲಿ ಹಿಡಿದು ನಿಂತಾಗ ನನ್ನ ತಲೆಯಲ್ಲಿ ಒಂದು ವಿಚಾರ ಬಂತು. ಸಿಮೆಂಟ್ ಕಾರ್ಖಾನಿಯ ಭೋಂಗಾ ಇನ್ನೂ ಕೂಗಿರಲಿಲ್ಲ. ಆ ಭೋಂಗಾಕ್ಕೆ ಆಯ್ತಾರ ಸ್ವಾಮವಾರ ಅಂತಿಲ್ಲ, ದಿನಾ ಮುಂಜಾನೆ ಕೂಗುತ್ತದೆ. ಅದರ ಮೇಲೇ ನಮ್ಮ ಊರು ಏಳುವುದು, ಉಣ್ಣುವುದು, ಖಣಿಗೆ ಹೋಗುವುದು.

ಮನಿಯವರು ಅಂಗಳದಲ್ಲಿ ಬೇವಿನ ಕಡ್ಡಿ ಜಗಿಯುತ್ತ ಕೂತಿದ್ದರು.

"ಏನ್ರಿ, ಭೋಂಗಾ ಆಯ್ತೇನು?"

"ಇನ್ನಾ ಇಲ್ಲ. ಯಾಕ?"

"ಅಂದ್ರ ಇನ್ನಾ ಶನಿವಾರನೇ ಹೌದಲ್ರಿ?"

ಅವರು ಬಾಯಿಂದ ಕಡ್ಡಿ ತೆಗೆದು ನನ್ನನ್ನು ನೋಡಿದರು. "ಇದು ಯಾವ ಊರಿನ ಪಂಚಾಂಗ?"

"ಪಂಚಾಂಗ ಯಾಕ ಬೇಕು? ಖಣಿಯಾಗ ನಿಮ್ಮ ಹಾಜರಿ ಯಾವಾಗ ಹಿಡೀತಾರ?"

"ಭೋಂಗಾ ಆದ ಮ್ಯಾಲ."

"ಅದಕ್ಕಿಂತ ಮೊದಲು ಹೋಗಿ ನಾಕು ಫರಸಿ ಎಬ್ಬಿಸಿದ್ರ?"

"ಲೆಕ್ಕಕ್ಕ ಹಿಡಿಯಂಗಿಲ್ಲ."

"ಹಂಗಂದ ಮ್ಯಾಲ ಭೋಂಗಾಕ್ಕಿಂತ ಮೊದಲು ಇಟ್ಟ ತತ್ತಿ ಆಯ್ತಾರದ ಲೆಕ್ಕಕ್ಕ ಹೆಂಗ ಬರ್ತದ್ರಿ?"

ಅವರು ನಕ್ಕ ನಗೆಗೆ ಒಳಗೆ ಮಲಗಿದ್ದ ಮಗಳಿಗೆ ಎಚ್ಚರಾಯಿತು. "ಇಪ್ಪತ್ತೈದು ವರ್ಷ ಸಂಸಾರ ಮಾಡೀನಿ, ವಕೀಲನ ಮಗಳ್ನ ಕಟ್ಟಿಕೊಂಡೀನಂತ ಇವತ್ತ ಗೊತ್ತಾಯ್ತು ನೋಡು. ಅಲ್ಲ, ಇಷ್ಟೆಲ್ಲಾ ಯಾಕ? ಮಗಳಿಗಿ ಬೇಕಾಗ್ಯದ ಅಂತ ಪಾದ್ರಮ್ಮಗ ಒಂದ ಮಾತು ಹೇಳಿದ್ರ ಮುಗೀತಲ್ಲ. ನಾ ಹೇಳ್ಲೇನು?"

"ಹೇಳಿ ಗೀಳೀರಿ! ನಾಳಿ ಮಂದಿ ಏನಂದಾರು? ಮಗಳ ಬಾಣಂತನಕ್ಕ ತತ್ತಿ ಬೇಡಿಕೊಂಡ್ರು ಅಂತಾರ."

"ದೇವರ ಹತ್ತಿರ ದಿನಾ ಬೇಡ್ತಿ, ಮಂದಿ ಹತ್ತಿರ ಬ್ಯಾಡೇನು?"

ನಾನು ಒಲೆ ಕಡೆ ತಿರುಗಿದೆ. ಭೋಂಗಾ ಕೂಗುವುದರೊಳಗೆ ತತ್ತಿ ಬೇಯಬೇಕಿತ್ತು. ಲಗುಬಗೆ ಕುದಿಸಿ, ಸುಲಿದು, ಉಪ್ಪು ಹಚ್ಚಿ ಮಗಳ ಕೈಗಿಟ್ಟೆ.

"ಯವ್ವಾ, ಇವತ್ತ ಆಯ್ತಾರ ಅಲ್ಲೇನ?"

"ಇನ್ನಾ ಆಗಿಲ್ಲ, ಜಲ್ದಿ ತಿನ್ನು."

ಪಾಪ, ಹಸಿದಿದ್ದಳು, ಎರಡೇ ತುತ್ತಿಗೆ ತಿಂದಳು. ಅವಳ ಬಾಯಿ ಒರೆಸುವಾಗ ಭೋಂಗಾ ಕೂಗಿತು. ಗೆದ್ದೆ ಅಂದುಕೊಂಡೆ.

ಗೆದ್ದವಳಿಗೆ ಆರಾಧನೆಯಲ್ಲಿ ಕೂಡಲು ಆಗಬೇಕಲ್ಲ! ಬುಟ್ಟಿಯ ಮುಂದೆ ಬಂದೆ, ನನ್ನ ಸೆರಗು ಖಾಲಿ. ಪಾದ್ರಮ್ಮ ನನಗಿಂತ ಸಣ್ಣವರು, ಚೇಷ್ಟೆ ಭಾಳ. ಬಗ್ಗಿ ಮೆಲ್ಲಗೆ ಕೇಳಿದರು, "ಏನ ಅಕ್ಕಾ, ನಿಮ್ಮ ಕೋಳಿ ಈ ವಾರ ಸೂಟಿ ತಗೊಂಡದೇನು?"

"ಹೂಂ" ಅಂದೆ.

ಆ ಒಂದು ಹೂಂ ಗಂಟಲಲ್ಲಿ ಮೀನಿನ ಮುಳ್ಳಾಗಿ ಕೂತಿತು. ಭೋಂಗಾದ ವಾದ ಹೂಡಿದ್ದು ದೇವರ ಜೊತೆ, ಅದಕ್ಕೆ ಅವನು ನಕ್ಕಿರಲೂಬಹುದು. ಆದರೆ ಈ ಹೂಂ ಅನ್ನೋದು ಚೊಕ್ಕ ಸುಳ್ಳು, ಅದೂ ಅವನ ಮನಿಯಲ್ಲೇ ಕೂತು. ಪಾದ್ರಿ ಸಾಹೇಬರು ಏನು ಬೋಧನೆ ಮಾಡಿದರು ಅಂತ ಇವತ್ತಿಗೂ ಹೇಳಲಾರೆ. ಹಾಡುವಾಗ ಎಲ್ಲರೂ ಮೂರನೆಯ ಚರಣಕ್ಕೆ ಹೋದರೂ ನಾನು ಮೊದಲನೆಯದರಲ್ಲೇ ಇದ್ದೆ. ಆರಾಧನೆ ಮುಗಿದದ್ದೇ ತಡ, ಯಾರ ಮುಖವೂ ನೋಡದೆ ಮನಿಗೆ ಬಂದೆ. ಮನಿಯವರು ಜಮಖಾನಿ ಸುತ್ತಿಡಲು ಹಿಂದೆ ಉಳಿದರು.

ರೊಟ್ಟಿ ಬಡಿಯಲು ಕೂತಿದ್ದೆ. ಬಾಗಿಲಲ್ಲಿ ಪಾದ್ರಮ್ಮ. ಕೈಯಲ್ಲಿ ಬುಟ್ಟಿ. ಹಿಂದೆ ನಮ್ಮ ಮನಿಯವರು, ಬೆಕ್ಕು ಹಾಲು ಕುಡಿದು ಬಂದ ಹಾಗೆ ಮುಖ ಮಾಡಿಕೊಂಡು.

"ಮಗಳಿಗಿ ರಕ್ತ ಇಲ್ಲಂತಲ್ಲ ಅಕ್ಕಾ! ಹೇಳಬಾರದೇನು? ನೀವು ಎಷ್ಟ ಗಟ್ಟಿ ಮನಸಿನವ್ರರಿ!" ಅಂದು ಬುಟ್ಟಿಯನ್ನು ನನ್ನ ಹಿಟ್ಟಿನ ಕೈಗೇ ಕೊಟ್ಟರು. "ಐದ ಅದಾವ. ಬ್ಯಾನಿ ಬಂದ ಊರಾಗ ಇಷ್ಟ ಕೂಡಿದ್ದೇ ದೊಡ್ಡದು. ನಿಮ್ಮ ಕೋಳಿನೂ ಇಟ್ಟಿದ್ರ ಆರ ಆಗ್ತಿದ್ದವು, ಇರಲಿ ಬಿಡ್ರಿ."

ಬುಟ್ಟಿಯೊಳಗೆ ನೋಡಿದೆ. ಐದು ಮನಿಯವರು, ತಮ್ಮ ಹಟ್ಟಿಯಲ್ಲೂ ಒಂದೋ ಎರಡೋ ಕೋಳಿ ಉಳಿದವರು, ಯಾರಿಗೆ ಹೋಗುತ್ತದೆ ಅಂತ ಕೇಳದೆ ಇಟ್ಟುಹೋಗಿದ್ದರು. ಭೋಂಗಾ ಕೂಗುವ ಮೊದಲು ಇಟ್ಟದ್ದೂ ಅದರಲ್ಲಿ ಇತ್ತೋ ಏನೋ, ಪುಣ್ಯಾತ್ಮರು ಯಾರೂ ಗಡಿಯಾರ ನೋಡಿರಲಿಲ್ಲ.

"ಅಮ್ಮಾವ್ರ, ನಮ್ಮ ಕೋಳಿ ಸೂಟಿ ತಗೊಂಡಿಲ್ರಿ" ಅಂದೆ. ಎಲ್ಲ ಹೇಳಿದೆ. ಭೋಂಗಾ, ಹಾಜರಿ, ಶನಿವಾರ, ಒಂದೂ ಬಿಡಲಿಲ್ಲ. ಅಳುತ್ತ ಹೇಳುತ್ತಿದ್ದೆ. ಪಾದ್ರಮ್ಮ ಮೊದಲು ಸೆರಗು ಬಾಯಿಗೆ ಒತ್ತಿ ಹಿಡಿದರು. ಆಮೇಲೆ ತಡೆಯದೆ ಗೋಡೆ ಹಿಡಿದು ಕೆಳಗೆ ಕೂತರು, ಕಣ್ಣಲ್ಲಿ ನೀರು ಬರುವಂತೆ ನಕ್ಕರು. ಒಳಗಿನಿಂದ ಮಗಳೂ ನಕ್ಕಳು. ಬಂದು ಎಂಟು ಹತ್ತು ದಿನವಾಗಿತ್ತು, ಅವಳು ನಕ್ಕದ್ದು ಅವತ್ತೇ ಮೊದಲು.

ನಗು ನಿಂತ ಮೇಲೆ ಪಾದ್ರಮ್ಮ ನನ್ನ ಕೈ ಹಿಡಿದು ಹೇಳಿದರು. "ಅಕ್ಕಾ, ಆ ತತ್ತಿ ಯಾರ ಹೊಟ್ಟೀಗಿ ಹೋಗಬೇಕಿತ್ತೋ ಅವರ ಹೊಟ್ಟೀಗೇ ಹೋಗ್ಯದ. ಬುಟ್ಟ್ಯಾಗ ಇಟ್ಟಿದ್ರೂ ಮಧ್ಯಾಹ್ನ ಇಲ್ಲೇ ಬರ್ತಿತ್ತು. ಆದರ ನಿಮಗ ದೇವರ ಕೈಯಿಂದ ತಗೊಳ್ಳೋದು ಬ್ಯಾಡಾಗಿತ್ತು, ನೀವೇ ತಗೋಬೇಕಂತ ಹಟ. ಅಷ್ಟೇ ಫರಕು."

ಅಷ್ಟೇ ಫರಕು ಅಂದರಲ್ಲ, ಆ ಫರಕು ನನಗೆ ತಿಳಿಯಲು ನನ್ನ ವಯಸ್ಸು ಐವತ್ತರ ಹತ್ತಿರ ಬರಬೇಕಾಯಿತು. ದೇವರನ್ನು ನಂಬುತ್ತೇನೆ ಅಂತ ಎಲ್ಲರ ಮುಂದೆ ಎದ್ದು ನಿಂತು ಸಾಕ್ಷಿ ಹೇಳಿದವಳು ನಾನು. ಆದರೆ ಅವನು ಕೊಡುವುದಾದರೆ ಆಕಾಶದಿಂದ ನೇರ ನನ್ನ ಮಡಿಲಿಗೇ ಹಾಕಬೇಕು, ನಡುವೆ ಓಣಿಯವರ ಕೈ ಬರಕೂಡದು ಅಂತ ನನ್ನ ಕರಾರು. ಓದುವ ಅಕ್ಕ ತಂಗಿಯರೇ, ನಿಮ್ಮಲ್ಲಿ ಇಂಥ ಕರಾರು ಯಾರೂ ಹಾಕಿಲ್ಲ ಬಿಡಿ, ನನಗೆ ಗೊತ್ತು. ಹಾಕಿದವರು ಯಾರಾದರೂ ಇದ್ದರೆ ಮಾತ್ರ ಹೇಳುತ್ತೇನೆ. ಬೇಕು ಅಂತ ಬಾಯಿ ಬಿಟ್ಟು ಅನ್ನಿ. ಮರ್ಯಾದೆ ಎಲ್ಲೂ ಹೋಗುವುದಿಲ್ಲ, ಹೋದರೂ ತತ್ತಿ ಬರುತ್ತದೆ.

ಮುಂದಿನ ಆಯ್ತಾರಗಳಲ್ಲಿ ನಮ್ಮ ಬೋಳುಗುತ್ತಿಗೆ ಇಟ್ಟದ್ದನ್ನು ಒಯ್ದು ಬುಟ್ಟಿಯಲ್ಲಿಟ್ಟೆ. ಬುಟ್ಟಿ ತಿರುಗಿ ನಮ್ಮ ಮನಿಗೇ ಬರುತ್ತಿತ್ತು. ಒಯ್ಯುವುದೂ ತರುವುದೂ ನಿನಗೆ ಒಳ್ಳೆ ಕೆಲಸ ಸಿಕ್ಕಿತು ಅಂತ ಮನಿಯವರು ಚೇಷ್ಟೆ ಮಾಡಿದರು. ಮಾಡಲಿ. ಮಗಳ ತುಟಿಗೆ ಬಣ್ಣ ಬರತೊಡಗಿತ್ತು.

ದಿನ ತುಂಬಿ ಒಂದು ಬೇಸ್ತವಾರ ಮುಂಜಾನೆ ಬ್ಯಾನಿ ಶುರುವಾದವು. ನರ್ಸಬಾಯಿ, ಪಾದ್ರಮ್ಮ ಒಳಗೆ. ನನ್ನನ್ನು ಹೊರಗೆ ಹಾಕಿ ಬಾಗಿಲು ಮುಂದೆ ಮಾಡಿದರು, ನಾನಿದ್ದರೆ ಹೆರುವವಳಿಗಿಂತ ನಾನೇ ಹೆಚ್ಚು ಒದರುತ್ತೇನೆ ಅಂತ. ಮಧ್ಯಾಹ್ನ ಹೊಳ್ಳಿತು. ಒಳಗೆ ಮಗಳ ನರಳಾಟ ಒಮ್ಮೆ ಏರುತ್ತಿತ್ತು, ಒಮ್ಮೆ ಕೇಳಿಸುತ್ತಲೇ ಇರಲಿಲ್ಲ. ಕೇಳಿಸದಾಗ ನನ್ನ ಜೀವ ಬಾಯಿಗೆ ಬರುತ್ತಿತ್ತು. ಮೊಣಕಾಲೂರಿದೆ. ಇಷ್ಟು ಕೊಡು, ಹಿಂಗೇ ಕೊಡು ಅಂತ ಹೇಳಲು ಅವತ್ತು ಬಾಯಿಗೆ ಏನೂ ಬರಲಿಲ್ಲ. "ನಿನ್ನ ಕೈಯಾಗ ಅದಾಳಪ್ಪಾ" ಅಂದೆ. ಅದನ್ನೇ ತಿರುಗಿ ತಿರುಗಿ ಅಂದೆ. ಪಕ್ಕದಲ್ಲಿ ಮನಿಯವರೂ ಮೊಣಕಾಲೂರಿದರು. ಅವತ್ತು ಚೇಷ್ಟೆ ಮಾಡಲಿಲ್ಲ.

ಆಮೇಲೆ ಕೂಸು ಅತ್ತಿತು. ಅಯ್ಯೋ, ಅದೇನು ಗಂಟಲು ಅಂತೀರಿ! ಖಣಿಯಲ್ಲಿ ಮೇಸ್ತ್ರಿ ಆಳುಗಳನ್ನು ಕೂಗಿದ ಹಾಗೆ. ಬಾಗಿಲು ತೆರೆದು ಪಾದ್ರಮ್ಮ ನನ್ನ ಮಡಿಲಲ್ಲಿ ಇಟ್ಟರು. ಹೆಣ್ಣು ಕೂಸು, ತಲೆ ತುಂಬ ಕೂದಲು, ಕೆಂಪಗೆ, ಮೈತುಂಬಿಕೊಂಡು. "ತಾಯಿನೂ ಗಟ್ಟಿ ಅದಾಳವ್ವಾ, ಚಲೋ ತಡಕೊಂಡಳು" ಅಂದಳು ನರ್ಸಬಾಯಿ.

ಅಷ್ಟು ಕೇಳಿದ್ದೇ ಸಾಕಾಯಿತು. ಕೂಸನ್ನು ಎತ್ತಿಕೊಂಡು ಓಣಿಗೆ ಇಳಿದೆ. ಬಿಸಿಲಿಗೆ ಸೆರಗು ಮುಚ್ಚಿ, ಮೊದಲು ಎಡಗಡೆ ಮನಿ, ಆಮೇಲೆ ಬಲಗಡೆ ಮನಿ, ಆಮೇಲೆ ಕೆಮ್ಮಿನ ಮುದುಕನ ಮನಿ. "ನೋಡ್ರಿ ನಮ್ಮ ಮೊಮ್ಮಗಳು! ನೀವೆಲ್ಲಾ ಕೂಡಿ ಸಾಕಿದ ಕೂಸು ನೋಡ್ರಿ!" ಅಂತ ಒದರುತ್ತ ಹೋದೆ. ಯಾರಾದರೂ ಎತ್ತಿಕೊಳ್ಳಲು ಕೈ ಚಾಚಿದರೆ ಮಾತ್ರ ಕೊಡಲಿಲ್ಲ. ಮುದುಕ ಎದ್ದು ಬಂದು, ಕೆಮ್ಮು ತಡೆದುಕೊಂಡು, ಅದರ ಕಾಲು ಮುಟ್ಟಿ ನೋಡಿದ.

ಹಿಂದಿನಿಂದ ಮನಿಯವರು ಓಡುತ್ತ ಬಂದರು.

"ಅಲ್ಲ, ಊರೆಲ್ಲಾ ಮೆರವಣಿಗಿ ಮಾಡಾಕತ್ತೀಯಲ್ಲ, ಅಲ್ಲಿ ಹಡದಾಕಿ ಇನ್ನಾ ತನ್ನ ಕೂಸಿನ ಮುಖಾನೇ ನೋಡಿಲ್ಲ!"