ಕ್ಯಾನ್ಸಲ್ ಆದ ಕಾರ್ಡು

ಅತ್ತೆಯ ಶವ ಅಂಗಳದಲ್ಲಿತ್ತು. ನನ್ನ ಗಂಡ ನಕ್ಕರು.

ದುಃಖ ತಾಳದೆ ಹೀಗಾಡುತ್ತಿದ್ದಾರೆ ಅಂದರು ನೆಂಟರು. ನಾನೂ ಹಾಗೇ ಅಂದುಕೊಂಡೆ. ಆಮೇಲೆ ಒಂದು ದಿನ ಬಸ್ಸಿನಲ್ಲಿ ಯಾರದೋ ಕೈಯಿಂದ ಬಿಸ್ಕತ್ತು ಕಿತ್ತುಕೊಂಡರು. ಮಗಳು ಕವಿತಾ ಜ್ವರದಲ್ಲಿ ನರಳುತ್ತಿದ್ದರೆ ಪಕ್ಕದಲ್ಲೇ ಕೂತು ಟಿವಿ ಸೌಂಡ್ ಜಾಸ್ತಿ ಮಾಡಿದರು. ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ಇಪ್ಪತ್ತು ವರ್ಷ ಯಾರಿಂದಲೂ ಒಂದು ಮಾತು ಹೇಳಿಸಿಕೊಳ್ಳದೆ ದುಡಿದ ಸೂಪರ್‌ವೈಸರ್ ಅವರು. ವಯಸ್ಸು ಐವತ್ತೆರಡು.

ಸೈಕಿಯಾಟ್ರಿಸ್ಟ್‌ಗೆ ತೋರಿಸೋಣ ಅಂದಳು ಕವಿತಾ. ನಾವಿರುವ ಪಲ್ಲಡದಲ್ಲಿ ಯಾರನ್ನು ಕೇಳುವುದು? ಕೇಳಿದರೆ ಬೀದಿಗೆಲ್ಲ ಗೊತ್ತಾಗುತ್ತದೆ. ಅವಳೇ ಒಂದೊಂದು ಆಸ್ಪತ್ರೆಗೂ ಫೋನ್ ಮಾಡಿ ತಮಿಳಿನಲ್ಲಿ ವಿಚಾರಿಸಿದಳು: ಡಾಕ್ಟರ್ ಯಾವ ದಿನ ಬರುತ್ತಾರೆ, ಕಂಪನಿ ಇನ್ಶೂರೆನ್ಸ್ ಕಾರ್ಡು ತಗೊಳ್ತೀರಾ. ಒಂದು ಕಡೆ ಕಾರ್ಡು ನಡೆಯುತ್ತದೆ, ಡಾಕ್ಟರ್ ಇಲ್ಲ. ಇನ್ನೊಂದು ಕಡೆ ಡಾಕ್ಟರ್ ಇದ್ದಾರೆ, ಅಡ್ಮಿಟ್ ಆದರೆ ಮಾತ್ರ ಕಾರ್ಡು. ಕೊನೆಗೆ ತಿರುಪ್ಪೂರಿನಲ್ಲಿ ಸಿಕ್ಕ ಸೈಕಿಯಾಟ್ರಿಸ್ಟ್ ಅರ್ಧ ಗಂಟೆ ಮಾತಾಡಿಸಿ, "ಇದು ನ್ಯೂರಾಲಜಿಸ್ಟ್ ನೋಡಬೇಕಾದ್ದು. ಅಡ್ಮಿಟ್ ಮಾಡಿ ಸ್ಕ್ಯಾನ್ ತೆಗೆಸಿ" ಅಂದರು.

ಕೊಯಮತ್ತೂರಿನ ಒಂದು ಆಸ್ಪತ್ರೆಗೆ ಹೋದೆವು. ಇನ್ಶೂರೆನ್ಸ್ ಡೆಸ್ಕಿನಲ್ಲಿದ್ದ ಹುಡುಗಿ ಕಾರ್ಡಿನ ನಂಬರ್ ಹಾಕಿದಳು. ಇನ್ನೊಮ್ಮೆ ಹಾಕಿದಳು.

"ಅಮ್ಮಾ, ಇದು ಕ್ಯಾನ್ಸಲ್ ಆಗಿದೆ. ಸಾರ್ ಕೆಲಸ ಬಿಟ್ಟಿದ್ದಾರಲ್ಲ?"

ನನಗೆ ಗೊತ್ತಿರಲಿಲ್ಲ.

ದಿನಾ ಬೆಳಿಗ್ಗೆ ಊಟದ ಡಬ್ಬಿ ಹಿಡಿದು ಹೊರಡುತ್ತಿದ್ದರು. ಮೂರು ವಾರದಿಂದ ಬಸ್ ಸ್ಟ್ಯಾಂಡಿನಲ್ಲಿ ಕೂತು ಸಂಜೆ ವಾಪಸಾಗುತ್ತಿದ್ದರೆಂದು ಆಮೇಲೆ ತಿಳಿಯಿತು.

"ಏನ್ರೀ, ರಾಜೀನಾಮೆ ಕೊಟ್ರಾ?"

"ಸೈನ್ ಹಾಕು ಅಂದ್ರು. ಹಾಕಿದೆ."

ಕಂಪನಿಯಲ್ಲೂ ಹೀಗೇ ಆಡಿದ್ದರಂತೆ; ಕಾಯಿಲೆಯೇ ಅವರ ಕೆಲಸ ತಿಂದಿತ್ತು. ಕೆಲಸದ ಜೊತೆಗೆ ಆ ಕಾಯಿಲೆಯನ್ನು ತೋರಿಸುವ ದಾರಿಯೂ ಹೋಗಿತ್ತು. ನಾನು ಡೆಸ್ಕಿನ ಅಂಚು ಹಿಡಿದು ನಿಂತೆ. ಹಿಂದಿದ್ದವರು ಸ್ವಲ್ಪ ಜರುಗಿ ಅಂದರು. ಜರುಗಿದೆ.

ಸರ್ಕಾರಿ ಆಸ್ಪತ್ರೆಯಲ್ಲಿ ವಾರಗಟ್ಟಲೆ ಅಲೆದು ಸ್ಕ್ಯಾನ್ ಮಾಡಿಸಿದೆವು. ಅಲ್ಲಿಯ ನ್ಯೂರಾಲಜಿಸ್ಟ್ ಫಿಲ್ಮನ್ನು ಬೆಳಕಿಗೆ ಹಿಡಿದರು.

"ಮೆದುಳಿನ ಮುಂಭಾಗ ಸವೆಯುತ್ತಿದೆಯಮ್ಮಾ. ಡಿಮೆನ್ಷಿಯಾದಲ್ಲಿ ಇದೊಂದು ಬಗೆ. ಅವರು ಬೇಕೂಂತ ಏನೂ ಮಾಡ್ತಿಲ್ಲ."

"ವಾಸಿಯಾಗತ್ತಾ ಸಾರ್?"

"ಇಲ್ಲ."

ಈಗ ಸ್ನಾನ ಮಾಡಿಸುವುದೂ ನಾನೇ. ಕವಿತಾ ಕೆಲಸಕ್ಕೆ ಹೋದ ಮೇಲೆ ಮನೆಯಲ್ಲಿ ನಾವಿಬ್ಬರೇ. ಒಳ್ಳೆಯದಾಗುತ್ತದೆ ಎಂದು ಯಾರಾದರೂ ಹೇಳಿದರೆ, ಸುತ್ತಿ ಬಳಸದೆ ಹೇಳಿದ ಆ ಡಾಕ್ಟರನ್ನು ನೆನೆಯುತ್ತೇನೆ. ಅವರು ಹೇಳಿರದಿದ್ದರೆ ನಾನು ಇನ್ನೂ ಇವರನ್ನು ಬೈಯುತ್ತಲೇ ಇರುತ್ತಿದ್ದೆ.

ಬೈದಿದ್ದಷ್ಟೇ ಅಲ್ಲ. ಏನೂ ತಿಳಿಯದ ದಿನಗಳಲ್ಲಿ ಒಮ್ಮೆ ಹೊಡೆದಿದ್ದೆ. ಹೋದ ವಾರ ತಲೆ ಒರೆಸುತ್ತಾ ಅದನ್ನು ಹೇಳಿ, ತಪ್ಪಾಯ್ತು ಅಂದೆ. ಗೋಡೆ ನೋಡುತ್ತಾ "ಹೂಂ" ಅಂದರು.

ಆ "ಹೂಂ" ನನಗೇ ಹೇಳಿದ್ದು ಎಂದುಕೊಂಡಿದ್ದೇನೆ.