ಇಂಗ್ಲಿಷ್ ದೊರೆಯ ತೋಟದ ಮಣ್ಣು

ಅವ್ವ ತೀರಿಕೊಂಡ ಮುಂದಿನ ಶನಿವಾರವೇ ನಾನು ಬಂಗಲೆ ತೋರಿಸಲು ಹೋದೆ. ಗುಡ್ಡದ ಮೇಲಿನ ಆ ಹಳೆಯ ಇಂಗ್ಲಿಷ್ ಮನೆಯನ್ನು ನೋಡಲು ಬಂದವರಿಗೆ ಅದರ ಕಥೆ ಹೇಳುವುದು ನನ್ನ ವಾರದ ಹವ್ಯಾಸ. ಮನೆಯಲ್ಲಿ ಕೂತು ಮಾಡುವುದಾದರೂ ಏನು? ಅಳು ಬಂದಿರಲಿಲ್ಲ. ಹಸಿವೂ ಇರಲಿಲ್ಲ, ಆದರೆ ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೆ.

ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ. ಕೂರಿಸಿ, ಅಂಗೈಯಲ್ಲಿ ಲಿಂಗವಿಟ್ಟು, ವಿಭೂತಿ, ಬಿಲ್ವಪತ್ರೆ ಹಾಕಿ ಮಣ್ಣು ಕೊಡುತ್ತೇವೆ. ಊರು ಬಿಟ್ಟು ಈ ಪುಟ್ಟ ದ್ವೀಪದೇಶಕ್ಕೆ, ಪುಂಗೋಲಿನ ನಮ್ಮ ಫ್ಲ್ಯಾಟಿಗೆ ಬಂದ ಮೇಲೆ ಅವ್ವ ನಮ್ಮಿಂದ ಕೇಳಿದ್ದು ಅದೊಂದನ್ನೇ. ಆದರೆ ಇಲ್ಲಿ ಜಾಗ ಕಡಿಮೆ. ಹೂತವರನ್ನೂ ಕೆಲವು ವರ್ಷಗಳಾದ ಮೇಲೆ ಅಗೆದು ತೆಗೆಯುತ್ತಾರೆ. ಊರಿಗೆ ಒಯ್ಯೋಣವೆಂದರೆ ಹೊಲ ಮಾರಿ ಎಷ್ಟೋ ಕಾಲವಾಗಿತ್ತು.

“ನಾಳೆ ತಗದು ಸುಡೂದಾದ್ರ ಇವತ್ತ ಸುಡೂಣು,” ಎಂದ ಅಣ್ಣ, ನಮ್ಮ ಕಟ್ಟಡದ ಕೆಳಗಿನ ತೆರೆದ ಜಾಗದಲ್ಲಿ, ವಾಯ್ಡ್ ಡೆಕ್‌ನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು. “ಅವ್ವನ್ನ ಮತ್ತ ಎಬ್ಬಸೂದು ಬ್ಯಾಡ.”

ನಾನು ಹೂಂ ಅಂದೆ. ಅವನು ಹೇಳಿದ್ದರಲ್ಲಿ ನನಗೆ ಯಾವ ತಪ್ಪೂ ಕಾಣಲಿಲ್ಲ. ಅವ್ವನನ್ನು ಸುಟ್ಟೆವು.

ಆ ಶನಿವಾರ ಬಂದಿದ್ದವರು ನಮ್ಮ ಕನ್ನಡದ ಜನವೇ. ನನ್ನ ಬಾಯಿ ತನ್ನ ಪಾಡಿಗೆ ತಾನು ಮಾತಾಡಿತು. ರಬ್ಬರ್ ವ್ಯಾಪಾರದ ದೊರೆ ತನ್ನ ಹಳ್ಳಿಯ ದೊಡ್ಡ ಮನೆಯ ಹಾಗೇ ಕಟ್ಟಿಸಿದ್ದು, ಚಳಿಯೇ ಇಲ್ಲದ ಊರಿನಲ್ಲಿ ಚಳಿ ಕಾಯಿಸಲು ಬೆಂಕಿಗೂಡು ಇಡಿಸಿದ್ದು. ದೊರೆಸಾನಿ ಹಡಗಿನಲ್ಲಿ ಗುಲಾಬಿ ತರಿಸಿದ್ದು, ಅದು ಕೊಳೆತದ್ದು, ಮತ್ತೆ ತರಿಸಿದ್ದು. ಹಟಮಾರಿ ಹೆಂಗಸು. ಪ್ರತಿ ವಾರ ನಗುವ ಜಾಗದಲ್ಲೇ ಜನ ನಕ್ಕರು. ಆಮೇಲೆ ಯುದ್ಧ ಬಂತು, ಮನೆ ಕೈ ಬದಲಾಯಿತು, ಕೊನೆಗೆ ಸರ್ಕಾರದ್ದಾಯಿತು ಎಂದು ಹೇಳಿ ತೋಟದ ತುದಿಗೆ ಕರೆದೊಯ್ದೆ. ಅಲ್ಲಿ ಹುಲ್ಲಿನ ನಡುವೆ ಒಂದು ಪುಟ್ಟ ಗೋರಿಕಲ್ಲಿದೆ, ದೊರೆಸಾನಿಯ ನಾಯಿಯದು.

ಇಲ್ಲೇ ಹುಟ್ಟಿ ಬೆಳೆದ ಕಾಲೇಜು ಹುಡುಗಿಯೊಬ್ಬಳು ಬಗ್ಗಿ ನೋಡಿದಳು.

“ಆಂಟಿ, ನಾಯಿ ಇನ್ನೂ ಒಳಗೇ ಇದ್ಯಾ? ಇದನ್ನ ಅಗೆದು ತೆಗೆದಿಲ್ವಾ?”

“ಇಲ್ಲಮ್ಮ. ಇಡೀ ಗಾರ್ಡನ್ನೇ ಪ್ರೊಟೆಕ್ಟ್ ಮಾಡಿದಾರೆ. ಇದನ್ನ ಯಾರೂ ಮುಟ್ಟೋ ಹಾಗಿಲ್ಲ.”

“ಸೋ ಲಕ್ಕಿ ಲಾ,” ಎಂದು ಅವಳು ಇಲ್ಲಿಯವರ ಧಾಟಿಯಲ್ಲಿ ಹೇಳಿ, ಫೋಟೋ ತೆಗೆದುಕೊಂಡು ಮುಂದೆ ಹೋದಳು.

ನಾನು ಅಲ್ಲೇ ನಿಂತೆ. ಆ ನಾಯಿಯ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು. ಅವ್ವ ಹೋದ ಮೇಲೆ ನನಗೆ ಏನಾದರೂ ಅನ್ನಿಸಿದ್ದು ಅದೇ ಮೊದಲು.