ಬೂಷ್ಟಿನ ಮಣ್ಣು ಹೊರುವ ಕಾಮಾಕ್ಷಮ್ಮ

ಹಳೇಕೋಟೆಯ ಸರ್ವೆ ತೋಪಿನಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಕಾಮಾಕ್ಷಮ್ಮ ಆಗಲೇ ಮರದ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತು ಉದುರಿದ ತರಗನ್ನು ಸರಿಸುತ್ತಿದ್ದಾರೆ. ಗುದ್ದಲಿ ಮುಟ್ಟುವುದಿಲ್ಲ, ಬೆರಳಲ್ಲೇ ಮಣ್ಣು ಕೆದಕುತ್ತಾರೆ. ಒಂದು ಹಿಡಿ ತೆಗೆದು ಮೂಸುತ್ತಾರೆ. ಅಣಬೆಯ ವಾಸನೆ ಬಂದರೆ ಪಕ್ಕದ ಬಿದಿರು ಮಂಕರಿಗೆ, ಬಾರದಿದ್ದರೆ ಮುಂದಿನ ಮರಕ್ಕೆ. ಆ ಮಣ್ಣಿನ ತುಂಬ ನೂಲಿನೆಳೆಯಂಥ ಬಿಳಿ ಬೂಷ್ಟು. ಬೇರೆಯವರಾದರೆ ಕೈ ತೊಳೆಯಲು ಓಡಿಯಾರು. ಇವರಿಗೆ ಬೇಕಾದದ್ದೇ ಅದು.

ತೋಪು ಸೌದೆ ವ್ಯಾಪಾರಿ ಪರಮಶಿವಯ್ಯನವರದು. ನಾಲೆಯ ಪಕ್ಕದ ಸಸಿಮಡಿಯೂ ಅವರದೇ. ಮಳೆ ಹಿಡಿದರೆ ಅರಕಲಗೂಡು, ಚನ್ನರಾಯಪಟ್ಟಣದ ಕಡೆಯ ರೈತರು ಗಾಡಿ ಕಟ್ಟಿಕೊಂಡು ಬಂದು ಇಲ್ಲಿಂದ ಸರ್ವೆ ಸಸಿ ಒಯ್ಯುತ್ತಾರೆ. ಸಸಿ ಕೊಂಡವರಿಗೆ ಅದನ್ನು ಬೆಳೆಸಿದ ಕೈ ಯಾರದೆಂದು ಗೊತ್ತಿಲ್ಲ. ಗಂಡ ತೀರಿಕೊಂಡ ಮೇಲೆ ಕೂಲಿಗೆಂದು ಬಂದ ಕಾಮಾಕ್ಷಮ್ಮನವರಿಗೆ ಕೆಲಸ ಕಲಿಸಿದವರು ಮುದುಕ ಬೋರಪ್ಪ. ಹಳೇ ತೋಪಿನ ಮಣ್ಣು ಬೆರೆಸದೆ ಹೊಸ ಪಾತಿಗೆ ಬೀಜ ಹಾಕಬಾರದು ಎಂಬುದು ಅವರ ಕಟ್ಟಪ್ಪಣೆ. ಯಾಕೆಂದು ಅವರು ಹೇಳಲಿಲ್ಲ, ಇವರು ಕೇಳಲಿಲ್ಲ.

ಬೋರಪ್ಪ ಹಾಸಿಗೆ ಹಿಡಿದ ವರ್ಷ ಎಡವಟ್ಟಾಯಿತು. ಅದುವರೆಗೆ ಬೋರಪ್ಪನವರೇ ತರುತ್ತಿದ್ದ ಮಣ್ಣನ್ನು ಮೊದಲ ಸಲ ತಾವೇ ತಂದ ಕಾಮಾಕ್ಷಮ್ಮ ಬೂಷ್ಟು ಕಂಡು ಹೌಹಾರಿದರು. ಅವರೆಕಾಳಿಗೆ ಬೂಷ್ಟು ಹಿಡಿದರೆ ಮನೆಯಲ್ಲಿ ಏನು ಮಾಡುತ್ತಾರೋ ಅದನ್ನೇ ಮಾಡಿದರು: ಕಣದಲ್ಲಿ ಹರಡಿ, ಸುಡುಬಿಸಿಲಿಗೆ ಒಣಗಿಸಿ, ಬೂದಿ ಬೆರೆಸಿ, ಜರಡಿ ಹಿಡಿದು ಪಾತಿಗೆ ಹಾಕಿದರು. ಅಚ್ಚುಕಟ್ಟೆಂದರೆ ಅಚ್ಚುಕಟ್ಟು! ಕೊನೆಯ ಪಾತಿಗೆ ಮಾತ್ರ, ಮೋಡ ಕವಿದಿದ್ದರಿಂದ, ಒಣಗಿಸದ ಮಣ್ಣೇ ಬಿತ್ತು. ಸಸಿ ಗೇಣುದ್ದ ಆಗುವಷ್ಟರಲ್ಲಿ ಕಂಬಳಿಹುಳು ಮುತ್ತಿತು.

“ಉಳ ಮೊದ್ಲು ಮೇದಿದ್ದು ಆ ಕೊನೇ ಪಾತೀನೇ ಕಣಪ್ಪ. ಅಸ್ರಾಗಿತ್ತಲ್ಲ, ರುಚಿ ಕಂಡ್ವು,” ಎನ್ನುತ್ತಾರೆ ಕಾಮಾಕ್ಷಮ್ಮ. “ಬೂದಿ ಮಣ್ಣಿನ್ ಸಸಿ ಮೊದ್ಲೇ ಬಿಳಚ್ಕೊಂಡಿದ್ವು. ಅವ್ನ ಒಂದೊಂದ್ ಬಾಯಿ ಕಚ್ಚಿದ್ವು, ಅಷ್ಟೇಯ. ಆದ್ರೆ ಕೊನೇ ಪಾತೀವು ತಿರ್ಗ ಚಿಗುರ್ಕೊಂಡ್ವು. ಬಿಳಚ್ಕೊಂಡವು ಏಳ್ನೇ ಇಲ್ಲ.”

ಕಿತ್ತು ನೋಡಿದರೆ ಸತ್ತ ಸಸಿಯ ಬೇರು ಬೋಳು. ಚಿಗುರಿದ್ದರ ಬೇರಿಗೆ ಬಿಳಿ ಎಳೆ ಸುತ್ತಿಕೊಂಡಿತ್ತು. ಸುದ್ದಿ ಕೇಳಿ ಬೋರಪ್ಪ ಮಲಗಿದ್ದಲ್ಲೇ ನಕ್ಕರಂತೆ: “ಮಣ್ಣಿಗೂ ಒಗ್ಗರಣೆ ಆಕ್ಬುಟ್ಟೇನಮ್ಮಿ?” ಕಾಮಾಕ್ಷಮ್ಮನವರಿಗೆ ಆ ದಿನ ನಗು ಬರಲಿಲ್ಲ. “ಉಳ ತಿನ್ನೋದ್ ತಿಂತದೆ, ತಡ್ಯಕಾಯ್ತದಾ? ತಿನ್ನಿಸ್ಕೊಂಡ್ ಮ್ಯಾಲೆ ಎದ್ದೇಳಕೆ ಬೇರಿಗೆ ಊಟ ಬೇಕು. ಈ ಬೂಷ್ಟು ಅದನ್ನ ತಂದ್ಕೊಡ್ತದೆ ಅಂತ ಕಾಣ್ತದೆ,” ಎನ್ನುವಾಗ ಈಗಲೂ ದನಿ ತಗ್ಗುತ್ತದೆ.

ಈಗ ಮಹಾಯುದ್ಧದ ಕಾಲ. ಪೆಟ್ರೋಲಿಗೆ ತತ್ವಾರವಾಗಿ ಬಸ್ಸುಗಳು ಇದ್ದಿಲಿನ ಗ್ಯಾಸಿನಲ್ಲಿ ಓಡುತ್ತಿವೆ. ಹಾಸನದ ಗುತ್ತಿಗೆದಾರರೊಬ್ಬರು ಇಡೀ ತೋಪನ್ನು ಇದ್ದಿಲಿಗೆ ಕೊಂಡಿದ್ದಾರೆ. ಮರ ಕಡಿಯುವವರು ಇವತ್ತೇ ಬರುತ್ತಾರೆ. ಇಷ್ಟು ಹಳೆಯ ಸರ್ವೆ ಆಸುಪಾಸಿನಲ್ಲಿ ಬೇರೆಲ್ಲೂ ಇಲ್ಲ. ಬೇರು ಸತ್ತರೆ ಈ ಮಣ್ಣು ಬರಿಯ ಮಣ್ಣು. ಮುಂದಿನ ಪಾತಿಗೆ ಏನು ಬೆರೆಸುವುದು ಎಂಬ ಸಂಕಟ ಕಾಮಾಕ್ಷಮ್ಮನವರನ್ನು ಹಿಂಡುತ್ತಿದೆ.

ಬಿಸಿಲೇರುವ ಹೊತ್ತಿಗೆ ಪರಮಶಿವಯ್ಯ ಬರುತ್ತಾರೆ. “ಎಷ್ಟು ಮಂಕರಿ ತುಂಬ್ತೀಯೆ ತಾಯಿ, ಸಾಕು ಬಿಡು.”

“ಎಷ್ಟ್ ತುಂಬಿದ್ರೂ ಒಣಗೋಯ್ತದೆ ಯಜಮಾನ್ರೆ. ಒಂದು ಮರ ಬಿಟ್ಬುಡಿ, ನಿಮ್ ದಮ್ಮಯ್ಯ.”

ಪರಮಶಿವಯ್ಯ ಕೆಟ್ಟವರಲ್ಲ, ಆದರೆ ಮಾತು ಕೊಟ್ಟವರು. ಅಷ್ಟು ದೂರದಲ್ಲಿ ಕೊಡಲಿ ಹೊತ್ತವರು ಬರುವುದು ಕಾಣುತ್ತಿದೆ. ಅತ್ತ ಒಮ್ಮೆ ನೋಡಿ, “ಒಂದೇ ಒಂದು. ಗುತ್ತಿಗೆದಾರರಿಗೆ ನಾನು ಹೇಳ್ಕೋತೀನಿ,” ಎಂದು ಎಲ್ಲಕ್ಕಿಂತ ಎತ್ತರದ, ನೆಟ್ಟಗಿನ ಮರವನ್ನು ತೋರಿಸುತ್ತಾರೆ.

ಕಾಮಾಕ್ಷಮ್ಮ ಅದನ್ನು ದಾಟಿ ಹೋಗುತ್ತಾರೆ. ನಾಲೆಯ ಕಡೆಗೆ ವಾಲಿದ, ಹುಳ ಕೊರೆದು ತೊಗಟೆಯೆಲ್ಲ ತೂತಾದ ಸೊಟ್ಟ ಮರವೊಂದರ ಮೇಲೆ ಕೈಯಿಡುತ್ತಾರೆ.

“ಅದು ಒಲೆಗೂ ಆಗಲ್ವಲ್ಲೇ!”

“ಅದ್ಕೇಯ ಯಜಮಾನ್ರೆ. ನೆಟ್ಟಗಿರೋದ್ನ ಬಿಟ್ರೆ ನಾಳೀಕೆ ಯಾರಾನಾ ತೊಲೆಗೆ ಕೇಳ್ತಾರೆ, ನೀವೂ ಕೊಟ್ಬುಡ್ತೀರ. ಇದ್ನ ಯಾರೂ ಕೇಳಕಿಲ್ಲ. ನಾ ಸತ್ ಮ್ಯಾಲೂ ಇದ್ರ ಬುಡ್ದಾಗೆ ಮಣ್ಣು ಸಿಕ್ತದೆ.”